ಕ್ಲಚ್ ಮೇಷ್ಟರ ಕ್ಲಚ್ಚಿಲ್ಲದ ಕಾರು

ಇಪ್ಪತ್ತಾರು ವರ್ಷ ಊರಿನವರಿಗೆಲ್ಲ ಕಾರು ಓಡಿಸಲು ಕಲಿಸಿದ ಮನುಷ್ಯನಿಗೆ ಒಂದು ಕಾರು ನೂರಕ್ಕೆ ಮೂವತ್ತೊಂಬತ್ತು ಅಂಕ ಕೊಟ್ಟರೆ ಅವನ ಹೊಟ್ಟೆಯಲ್ಲಿ ಏಳುವ ಉರಿ ಎಷ್ಟು ಡಿಗ್ರಿ ಎಂದು ಅಳೆಯುವ ಕಂಪ್ಯೂಟರನ್ನು ಇನ್ನೂ ಯಾರೂ ಮಾಡಿಲ್ಲ. ಮಾಡಿದ್ದರೆ ಅದು ಕ್ಲಚ್ ಮೇಷ್ಟರ ಮನೆಯಲ್ಲಿ ಮೊದಲ ದಿನವೇ ಸುಟ್ಟುಹೋಗಿರುತ್ತಿತ್ತು.

ಕ್ಲಚ್ ಮೇಷ್ಟರು ಎಂದರೆ ಡ್ರೈವಿಂಗ್ ಸ್ಕೂಲಿನ ಮೇಷ್ಟರು. ಪಾಠದ ಹೊತ್ತಿನಲ್ಲಿ ನಿಮಿಷಕ್ಕೆ ನಾಲ್ಕು ಸಲ ಅವರ ಬಾಯಿಂದ ಉದುರುತ್ತಿದ್ದ ಮಾತೇ ಅವರ ಹೆಸರಾಗಿ ನಿಂತುಬಿಟ್ಟಿತ್ತು. ರಸ್ತೆಯಲ್ಲಿ ಯಾರಾದರೂ ಸೊಗಸಾಗಿ ತಿರುವು ತೆಗೆದುಕೊಂಡರೆ 'ನಮ್ಮ ಸ್ಕೂಲಿನವನು' ಎನ್ನುವರು. ಕಂಬಕ್ಕೆ ಗುದ್ದಿದರೆ 'ಆ ಕಡೆ ಸ್ಕೂಲಿನವನು' ಎನ್ನುವರು. ಆ ಕಡೆ ಸ್ಕೂಲು ಎಂದರೆ ಊರಿನ ಇನ್ನೊಂದು ತುದಿಯಲ್ಲಿ ಅವರ ಹಳೆಯ ಶಿಷ್ಯೆಯೊಬ್ಬಳು ತೆರೆದಿದ್ದ ಡ್ರೈವಿಂಗ್ ಸ್ಕೂಲು. ಆಕೆ ಗುರುವಿನಿಂದ ಎಲ್ಲ ವಿದ್ಯೆಯನ್ನೂ ಕಲಿತು, ಕೂಗುವ ವಿದ್ಯೆಯೊಂದನ್ನು ಮಾತ್ರ ಕಲಿಯದೆ ಬಿಟ್ಟಿದ್ದಳು. (ಅದಕ್ಕೇ ಅವಳ ಸ್ಕೂಲು ಉದ್ಧಾರವಾಗುವುದಿಲ್ಲ ಎಂದು ಮೇಷ್ಟರು ಭವಿಷ್ಯ ನುಡಿದು ಆರು ವರ್ಷವಾಗಿತ್ತು. ಅವಳ ಬಳಿ ಈಗ ನಾಲ್ಕು ಕಾರುಗಳಿದ್ದವು.)

ಊರಿಗೆಲ್ಲ ಕಲಿಸಿದ ಮೇಷ್ಟರು ಸೋತದ್ದು ಒಂದೇ ಕಡೆ, ಮನೆಯಲ್ಲಿ. ಮದುವೆಯಾದ ಮೂರನೆಯ ತಿಂಗಳು ಹೆಂಡತಿಗೆ ಕಾರು ಕಲಿಸಲು ಹೊರಟಿದ್ದರು. ಮೂರನೆಯ ಪಾಠದ ದಿನ ನಾಲ್ಕು ರಸ್ತೆ ಸೇರುವ ಕಡೆ ಕಾರು ನಿಂತುಹೋಯಿತು. ಮೇಷ್ಟರು ಹನ್ನೊಂದು ಸಲ "ಕ್ಲಚ್" ಎಂದು ಕೂಗಿದರು. ಹೊಸ ಮದುವಣಗಿತ್ತಿ ಹನ್ನೊಂದನ್ನೂ ಎಣಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬಾಗಿಲು ತೆರೆದು ಇಳಿದು ಮನೆಗೆ ನಡೆದೇಬಿಟ್ಟಳು. ಕಾರಿನ ಕೀಲಿಯೂ ಅವಳ ಜೊತೆಗೇ ನಡೆದುಹೋಯಿತು. ಮುಂದೆ ಹೋಗಲಾಗದೆ ಹಿಂದೆ ಬರಲಾಗದೆ ಒಂದು ಗಂಟೆ ಅಲ್ಲೇ ನಿಂತು ಊರಿನ ಅಷ್ಟೂ ಹಾರ್ನುಗಳನ್ನು ಕೇಳಿಸಿಕೊಂಡ ಮೇಷ್ಟರು, ಹೆಂಗಸರಲ್ಲಿ ಎಲ್ಲರಿಗೂ ಕಲಿಸಬಹುದು, ಕಟ್ಟಿಕೊಂಡವಳಿಗೆ ಮಾತ್ರ ಆಗುವುದಿಲ್ಲ ಎಂಬ ಸಿದ್ಧಾಂತಕ್ಕೆ ಬಂದರು. ಅಲ್ಲಿಂದ ಈಚೆಗೆ ಆಕೆ ಬಸ್ಸಿಗೇ ಅಂಟಿಕೊಂಡಿದ್ದಳು.

ಆಕೆಯ ಕೆಲಸ ಪರದೆ ಹೊಲಿಯುವುದು. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು, ಕುತ್ತಿಗೆಯಲ್ಲಿ ಸದಾ ಅಳತೆಯ ಟೇಪು. ಮನೆಮನೆಗೆ ಹೋಗಿ ಕಿಟಕಿ ಅಳೆಯಬೇಕು, ಹೊಲಿದದ್ದನ್ನು ಒಯ್ದು ತೂಗುಹಾಕಿ ಬರಬೇಕು. ಬಸ್ಸಿನಲ್ಲಿ ಆ ಹೊರೆ ಹೊತ್ತು ಹತ್ತಿ ಇಳಿದು ಅವಳ ಭುಜ ಒಂದು ಕಡೆಗೆ ಇಳಿದುಹೋಗಿತ್ತು. ಮೇಷ್ಟರು ಕರೆದೊಯ್ಯುತ್ತಿರಲಿಲ್ಲವೇ ಎಂದರೆ, ಒಯ್ಯುತ್ತಿದ್ದರು. ಆದರೆ ದಾರಿಯುದ್ದಕ್ಕೂ ಎದುರು ಬಂದ ಪ್ರತಿಯೊಬ್ಬ ಚಾಲಕನ ತಪ್ಪನ್ನು ವಿವರಿಸುತ್ತಿದ್ದರು. ಅದಕ್ಕಿಂತ ಬಸ್ಸೇ ವಾಸಿ ಅನ್ನುವುದು ಆಕೆಯ ಸಿದ್ಧಾಂತ.

ಹೀಗಿರುವಾಗ ಮೇಷ್ಟರಿಗೆ ಒಂದು ಮಹದಾಲೋಚನೆ ಹೊಳೆಯಿತು. ಸೇರಲು ಬಂದವರಲ್ಲಿ ಇಬ್ಬರು, ಕಂಪ್ಯೂಟರ್ ಕಾರು ಕಲಿಸುತ್ತೀರಾ ಎಂದು ಕೇಳಿ, ಇಲ್ಲ ಅಂದದ್ದಕ್ಕೆ ಆ ಕಡೆ ಸ್ಕೂಲಿಗೆ ಹೋಗಿಬಿಟ್ಟಿದ್ದರು. ಮೇಷ್ಟರು ಆ ವಾರವೇ ಶೋರೂಮಿಗೆ ಹೋಗಿ ಅಂಥದೊಂದು ಕಾರನ್ನು ಮನೆಗೆ ತಂದರು. ಅದು ತಾನಾಗಿ ಬ್ರೇಕು ಹಾಕುತ್ತಿತ್ತು, ತಾನಾಗಿ ದೀಪ ಹಚ್ಚುತ್ತಿತ್ತು, ಮಳೆ ಬಂದರೆ ಒರೆಸಿಕೊಳ್ಳುತ್ತಿತ್ತು. ಅದರಲ್ಲಿ ಇಲ್ಲದ್ದು ಒಂದೇ, ಕ್ಲಚ್ಚು. ತಂದೆಯ ಎಡಗಾಲು ಇನ್ನು ಮೇಲೆ ನಿರುದ್ಯೋಗಿ ಎಂದು ಕಾಲೇಜಿಗೆ ಹೋಗುವ ಮಗಳು ನಕ್ಕಳು. ಮೇಷ್ಟರು ನಗಲಿಲ್ಲ. ಇಷ್ಟು ಒಳ್ಳೆಯ ಕಾರನ್ನು ಕಲಿಯುವವರ ಕೈಗೆ ಕೊಟ್ಟು ಹಾಳುಮಾಡುವುದಿಲ್ಲ, ಇದು ಸ್ಕೂಲಿನ ಘನತೆಗೆ ಮಾತ್ರ, ಬೆಳಿಗ್ಗೆ ಒಂದು ಸುತ್ತು ಸಂಜೆ ಒಂದು ಸುತ್ತು ನಾನೇ ಹೋಗಿಬರುತ್ತೇನೆ, ಉಳಿದ ಹೊತ್ತು ಮನೆ ಮುಂದೆ ನಿಂತಿರಲಿ, ಜನ ನೋಡಲಿ ಎಂದು ತೀರ್ಪು ಕೊಟ್ಟರು. ಸ್ಕೂಲು ಎರಡು ಬೀದಿ ಆಚೆ ಇದ್ದದ್ದರಿಂದ ಅಲ್ಲಿಗೆ ನಡೆದೇ ಹೋಗುತ್ತಿದ್ದರು.

ಕಾರಿನ ಜೊತೆ ಒಂದು ಡಬ್ಬಿಯೂ ಬಂದಿತ್ತು. ಸಕ್ಕರೆ ಡಬ್ಬಿಯಷ್ಟು ಗಾತ್ರದ್ದು, ಅಡುಗೆಮನೆಯ ಗೋಡೆಗೆ ಕೂರಿಸುವಂಥದು. ಅದಕ್ಕೂ ಕಾರಿಗೂ ಒಳಗಿಂದೊಳಗೆ ಮಾತುಕತೆ. ಕಾರು ಬೀದಿಗೆ ತಿರುಗುತ್ತಿದ್ದಂತೆ ಗೇಟು ತೆರೆದುಕೊಳ್ಳುವುದು, ಹಜಾರದ ದೀಪ ಹತ್ತುವುದು, ಸ್ನಾನದ ನೀರು ಕಾಯತೊಡಗುವುದು, ಎಲ್ಲ ಅದರ ಕಾರುಬಾರು. ಅಲ್ಲದೆ ಅದು ಮಾತಾಡುತ್ತಿತ್ತು. ಮೊದಲ ಸಂಜೆ ಮೇಷ್ಟರು ಗೆಳೆಯರ ಜೊತೆ ಕ್ಷೌರದಂಗಡಿಯಲ್ಲಿ ಹರಟುತ್ತ ಕೂತಿದ್ದಾಗ ಡಬ್ಬಿ ಇಲ್ಲಿ ಮನೆಯಲ್ಲಿ, ಯಜಮಾನರ ಕಾರು ನಲವತ್ತು ನಿಮಿಷದಿಂದ ಕ್ಷೌರದಂಗಡಿಯ ಮುಂದೆ ನಿಂತಿದೆ ಎಂದು ಸಾರಿತು. ತರಗತಿ ತಡವಾಯಿತು ಎಂದು ಹೇಳುತ್ತ ಒಳಗೆ ಬಂದ ಗಂಡನ ತಲೆಯನ್ನು ಹೆಂಡತಿ ಸುತ್ತಲೂ ಒಮ್ಮೆ ನೋಡಿ, ಇರುವ ಹದಿನಾರು ಕೂದಲಿಗೆ ನಲವತ್ತು ನಿಮಿಷ ಬೇಕಾಯಿತೇ ಎಂದಷ್ಟೇ ಕೇಳಿದಳು. ಗೋಡೆಗೂ ಕಿವಿಯಿದೆ ಅನ್ನುವುದನ್ನು ಮೇಷ್ಟರು ಕೇಳಿದ್ದರು. ಬಾಯಿಯೂ ಇದೆ ಎಂದು ಅಂದು ತಿಳಿಯಿತು.

ಇದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಸಂಜೆ ಏಳು ಗಂಟೆಗೆ ಬರುತ್ತಿತ್ತು. ದಿನದಲ್ಲಿ ಕಾರು ಎಷ್ಟು ಚೆನ್ನಾಗಿ ಓಡಿತು ಎಂದು ಡಬ್ಬಿ ಅಂಕ ಹೇಳುತ್ತಿತ್ತು. ಎಷ್ಟು ಸಲ ಹೊರಗೆ ಹೋದರೂ ಎಲ್ಲಕ್ಕಿಂತ ಹೆಚ್ಚಿನ ಅಂಕವನ್ನೇ ಹೇಳುವ ಔದಾರ್ಯ ಅದಕ್ಕಿತ್ತು. ಆ ಔದಾರ್ಯದಲ್ಲಿಯೂ ಮೇಷ್ಟರಿಗೆ ಮೊದಲ ದಿನ ದಕ್ಕಿದ್ದು ಮೂವತ್ತೊಂಬತ್ತು. ಕಾರಣಗಳನ್ನೂ ಅದು ಹೆಣ್ಣುದನಿಯಲ್ಲಿ ಒಂದೊಂದಾಗಿ ಓದಿತು: ಕಾರಣವಿಲ್ಲದ ಹಾರ್ನ್ ಇಪ್ಪತ್ತೆರಡು, ದಿಢೀರ್ ಬ್ರೇಕ್ ಒಂಬತ್ತು, ಪಕ್ಕದ ವಾಹನದವರೊಂದಿಗೆ ಮಾತಿಗಿಳಿದು ದಾರಿ ಬಿಟ್ಟು ಸರಿದದ್ದು ನಾಲ್ಕು. ಅನ್ನ ಬಡಿಸುತ್ತಿದ್ದ ಹೆಂಡತಿಯ ಕೈಯಲ್ಲಿ ಸೌಟು ನಿಂತಿತು. ಮಗಳು ನೀರು ಕುಡಿಯುವ ನೆಪದಲ್ಲಿ ಲೋಟದೊಳಗೆ ಮುಖ ಬಚ್ಚಿಟ್ಟಳು.

ಯಂತ್ರಕ್ಕೆ ಹೊಸದರಲ್ಲಿ ಏನೂ ತಿಳಿಯುವುದಿಲ್ಲ, ನನ್ನ ಕೈ ಅಭ್ಯಾಸವಾಗಲಿ ಎಂದು ಮೇಷ್ಟರು ಗಂಭೀರವಾಗಿ ಹೇಳಿದರು. ಅವರದು ಸೋಲೊಪ್ಪುವ ಜಾತಕವಲ್ಲ. ಎರಡನೆಯ ದಿನ ನಲವತ್ತೊಂದು ಬಂತು, ಮೂರನೆಯ ದಿನ ಮೂವತ್ತೇಳು. ಡಬ್ಬಿಯ ಮೇಲೆ ಒಂದು ಟವೆಲು ಹೊದಿಸಿ ನೋಡಿದರು. ಅದು ಟವೆಲಿನೊಳಗಿನಿಂದಲೇ ಅಂಕ ಹೇಳಿತು, ದನಿ ಮಾತ್ರ ಶೀತವಾದವರ ಹಾಗಿತ್ತು. ಕಾರಿಗೆ ಅಂಕ ಬಂದದ್ದೇ ಬಂದದ್ದು, ಮನೆಯಲ್ಲಿ ಮೇಷ್ಟರ ಅಂಕೆ ತಪ್ಪಿತು. ಪಾತ್ರೆ ಜೋಡಿಸುವಾಗ ತಟ್ಟೆಯೊಂದು ಕೈಜಾರಿದರೂ ತಾಯಿಮಗಳು ಒಬ್ಬರ ಮುಖ ಒಬ್ಬರು ನೋಡಿ 'ದಿಢೀರ್ ಬ್ರೇಕ್' ಎನ್ನತೊಡಗಿದರು.

ಮೂರನೆಯ ವಾರದ ಮಂಗಳವಾರ ಚಮತ್ಕಾರ ನಡೆಯಿತು. ಏಳು ಗಂಟೆಗೆ ಡಬ್ಬಿ ತೊಂಬತ್ತೊಂದು ಎಂದಿತು.

ಮೇಷ್ಟರು ಎರಡು ಸಲ ಹೇಳಿಸಿದರು. ಅಂದು ಬೆಳಿಗ್ಗೆ ಅವರು ಗಂಟಲು ಕಟ್ಟಿದ್ದರಿಂದ ಯಾರಿಗೂ ಬೈದಿರಲಿಲ್ಲ. ಅದೇ ಗುಟ್ಟು ಎಂದು ತೀರ್ಮಾನವಾಯಿತು. ಬುಧವಾರ ತೊಂಬತ್ತಮೂರು ಬಂತು. ಗುರುವಾರ ಗಂಟಲು ಸರಿಯಾಗಿ ಬೈಗುಳ ಮತ್ತೆ ಶುರುವಾದರೂ ತೊಂಬತ್ತನಾಲ್ಕು. ಯಂತ್ರ ಕೊನೆಗೂ ನನ್ನ ಶೈಲಿಯನ್ನು ಅರ್ಥಮಾಡಿಕೊಂಡಿತು, ಗುರುವಿನ ಮುಂದೆ ಕಬ್ಬಿಣವೂ ಕಲಿಯುತ್ತದೆ ಎಂದು ಅವರು ಕ್ಷೌರದಂಗಡಿಯಲ್ಲಿ ಘೋಷಿಸಿದರು. ಸ್ಕೂಲಿನ ಬೋರ್ಡಿನ ಕೆಳಗೆ ಹೊಸದೊಂದು ಹಲಗೆ ಏರಿತು: 'ಕಂಪ್ಯೂಟರೇ ಮೆಚ್ಚಿದ ಗುರುಗಳು.' ತಿಂಗಳು ಮುಗಿಯುವ ಹೊತ್ತಿಗೆ ಶೋರೂಮಿನಿಂದ ಪತ್ರ ಬಂತು. ಅವರು ಮಾರಿದ ಕಾರುಗಳಲ್ಲೆಲ್ಲ ಅತಿ ಹೆಚ್ಚಿನ ಅಂಕ ಈ ಕಾರಿಗೇ ಬಂದಿದೆ, ಭಾನುವಾರ ನಾಲ್ಕು ಗಂಟೆಗೆ 'ತಿಂಗಳ ಸಾರಥಿ' ಬಹುಮಾನ ಕೊಡುತ್ತೇವೆ, ಬಂಧುಮಿತ್ರರೊಂದಿಗೆ ಬನ್ನಿ ಎಂದಿತ್ತು.

ಪತ್ರ ಓದಿ ಹೆಂಡತಿಯ ಮುಖ ಬಾಡಿತು. ಹೊಟ್ಟೆಕಿಚ್ಚು ಎಂದುಕೊಂಡರು ಮೇಷ್ಟರು. ಆಕೆ ಹೋಗುವುದು ಬೇಡ ಅಂದಳು. ಶನಿವಾರ ಮತ್ತೆ, ನಿಮ್ಮ ಹತ್ತಿರ ಒಂದು ಮಾತು ಹೇಳಬೇಕು, ಕೂತುಕೊಳ್ಳಿ ಅಂದಳು. ಮೇಷ್ಟರು ಕನ್ನಡಿಯ ಮುಂದೆ ಭಾಷಣ ಅಭ್ಯಾಸ ಮಾಡುತ್ತಿದ್ದರು.

"ರೀ, ಆ ಅಂಕದ ವಿಷಯ. ಅದು ನೀವು ಅಂದುಕೊಂಡ ಹಾಗಲ್ಲ."

"ನಿನಗೆ ಇದೆಲ್ಲ ಅರ್ಥ ಆಗಲ್ಲ ಕಣೇ. ಡ್ರೈವಿಂಗು ಅಂದ್ರೆ ಪರದೆ ಹೊಲಿದ ಹಾಗಲ್ಲ."

ಆಕೆ ಟೇಪನ್ನು ಕುತ್ತಿಗೆಯಿಂದ ತೆಗೆದು ಸುತ್ತಿ ಮೇಜಿನ ಮೇಲಿಟ್ಟಳು. "ಸರಿ, ಹೋಗೋಣ" ಅಂದಳು. ಆ 'ಸರಿ'ಯಲ್ಲಿ ಏನೋ ಸರಿಯಿಲ್ಲ ಎಂದು ಮಗಳಿಗೆ ತಿಳಿಯಿತು. ಮೇಷ್ಟರಿಗೆ ತಿಳಿಯಲಿಲ್ಲ.

ಭಾನುವಾರ ಶೋರೂಮಿನಲ್ಲಿ ಹೊಳೆಯುವ ಕಾರುಗಳ ನಡುವೆ ಐವತ್ತು ಕುರ್ಚಿ ಹಾಕಿದ್ದರು. ಮೇಷ್ಟರು ಹದಿನಾಲ್ಕು ಮಂದಿ ಶಿಷ್ಯರನ್ನೂ ಕ್ಷೌರದಂಗಡಿಯ ಗೆಳೆಯರನ್ನೂ ಕರೆತಂದು ಮೊದಲ ಎರಡು ಸಾಲು ತುಂಬಿಸಿದ್ದರು. ಹೆಂಡತಿ, ಮಗಳು ಹಿಂದಿನ ಸಾಲಿನಲ್ಲಿ ಕೂತರು. ಶೋರೂಮಿನ ಮ್ಯಾನೇಜರ್ ಒಬ್ಬ ಚುರುಕು ಹೆಂಗಸು. ಆಕೆ ಬೆಳ್ಳಿಬಣ್ಣದ ಬಟ್ಟಲೊಂದನ್ನು ಮೇಷ್ಟರ ಕೈಗಿತ್ತಳು. ಮೇಷ್ಟರು ಇಪ್ಪತ್ತು ನಿಮಿಷ ಮಾತಾಡಿದರು. ಚಾಲನೆ ಒಂದು ತಪಸ್ಸು ಅಂದರು, ಯಂತ್ರ ಬರುತ್ತದೆ ಹೋಗುತ್ತದೆ ಗುರು ಮಾತ್ರ ಶಾಶ್ವತ ಅಂದರು, ಅಂಕವನ್ನು ನಾನು ಹುಡುಕಿಕೊಂಡು ಹೋಗಲಿಲ್ಲ, ಅದೇ ನನ್ನನ್ನು ಹುಡುಕಿಕೊಂಡು ಬಂತು ಅಂದರು. ಚಪ್ಪಾಳೆ ಬಿತ್ತು.

ಆಮೇಲೆ ಮ್ಯಾನೇಜರ್, ಎಲ್ಲರಿಗೂ ಮಾದರಿಯಾಗಲಿ ಎಂದು, ಆ ಕಾರು ತೊಂಬತ್ತಾರು ಅಂಕ ಗಳಿಸಿದ ಪ್ರಯಾಣವನ್ನು ಗೋಡೆಯ ದೊಡ್ಡ ಪರದೆಯ ಮೇಲೆ ತೋರಿಸಿದಳು. ಹೋದ ಮಂಗಳವಾರ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಹೊರಟದ್ದು. ಸಂತೆ ಬೀದಿಯ ಜನಜಂಗುಳಿಯಲ್ಲಿ ಒಂದು ಹಾರ್ನೂ ಇಲ್ಲ. ಆಸ್ಪತ್ರೆ ರಸ್ತೆಯಲ್ಲಿ ನೀರಿನ ಲಾರಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಹಿಮ್ಮುಖವಾಗಿ ಒಂದೇ ಸಲಕ್ಕೆ ನಿಲ್ಲಿಸಿದ್ದು. ಮೇಷ್ಟರು ತಲೆದೂಗಿದರು. ತಾನು ಅಷ್ಟು ಚೆನ್ನಾಗಿ ನಿಲ್ಲಿಸಿದ್ದು ಅವರಿಗೇ ನೆನಪಿರಲಿಲ್ಲ.

ಮೊದಲ ಸಾಲಿನಿಂದ ನಿವೃತ್ತ ನರ್ಸಮ್ಮ ಕೈಯೆತ್ತಿದರು. ಅರುವತ್ತೆರಡನೆಯ ವಯಸ್ಸಿನಲ್ಲಿ ಕಾರು ಕಲಿಯುತ್ತಿದ್ದ ಅವರು ಮೇಷ್ಟರ ಅತಿ ಪ್ರಾಮಾಣಿಕ ಶಿಷ್ಯೆ. ಆ ಮಂಗಳವಾರ ಹನ್ನೊಂದರಿಂದ ಹನ್ನೆರಡರವರೆಗೆ ಮೇಷ್ಟರು ನನಗೇ ಪಾಠ ಮಾಡುತ್ತಿದ್ದರು, ನಾನು ಮೋರಿಗೆ ಚಕ್ರ ಇಳಿಸಿದ್ದು ಅವತ್ತೇ, ಹಾಗಾಗಿ ಚೆನ್ನಾಗಿ ನೆನಪಿದೆ ಎಂದು ವಿನಯದಿಂದ ಹೇಳಿದರು.

ಮ್ಯಾನೇಜರ್ ತನ್ನ ಯಂತ್ರದಲ್ಲಿ ಏನೋ ಒತ್ತಿ ನೋಡಿದಳು. ಈ ಕಾರನ್ನು ಇಬ್ಬರು ಓಡಿಸುತ್ತಾರೆ, ಒಬ್ಬರು ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಕೂರುವವರು, ಇನ್ನೊಬ್ಬರು ನಾಲ್ಕು ಅಂಗುಲ ಮುಂದಕ್ಕೆ ಎಳೆದುಕೊಂಡು ಕೂರುವವರು ಎಂದಳು. ಹಿಂದಕ್ಕೆ ಕೂರುವವರ ಸರಾಸರಿ ನಲವತ್ತು, ಮುಂದಕ್ಕೆ ಕೂರುವವರದು ತೊಂಬತ್ತನಾಲ್ಕು ಎಂದೂ ಸೇರಿಸಿದಳು. ಎಲ್ಲರ ಕಣ್ಣೂ ಮೇಷ್ಟರ ಉದ್ದನೆಯ ಕಾಲುಗಳ ಮೇಲೆ ಬಿತ್ತು.

ಮೇಷ್ಟರ ಆತ್ಮವಿಶ್ವಾಸ ಅಷ್ಟು ಬೇಗ ಬ್ರೇಕು ಹಾಕುವಂಥದಲ್ಲ. ಬಟ್ಟಲನ್ನು ಎದೆಗವಚಿಕೊಂಡು, "ಇದರರ್ಥ ಸ್ಪಷ್ಟ. ಹಗಲು ಹೊತ್ತಿನಲ್ಲಿ ಯಾರೋ ನನ್ನ ಕಾರು ಕದೀತಿದ್ದಾರೆ" ಎಂದರು. ಪೊಲೀಸರಿಗೆ ಈಗಲೇ ಹೇಳಬೇಕು ಅಂದರು.

"ಕದ್ದು, ತೊಂಬತ್ತಾರು ಅಂಕದ ಹಾಗೆ ಓಡಿಸಿ, ವಾಪಸ್ ತಂದು ಮನೆ ಮುಂದೆ ನಿಲ್ಲಿಸ್ತಾನಾ ಕಳ್ಳ?" ಎಂದರು ನರ್ಸಮ್ಮ. "ಅಂಥ ಕಳ್ಳ ಸಿಕ್ಕಿದ್ರೆ ಮೇಷ್ಟ್ರೇ, ನನ್ನನ್ನ ಅವನ ಹತ್ರ ಕಲಿಯೋಕೆ ಬಿಟ್ಟುಬಿಡಿ."

ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಸರಿಯಿತು. ಮೇಷ್ಟರ ಹೆಂಡತಿ ಎದ್ದು ನಿಂತಿದ್ದಳು.

"ಕಳ್ಳ ಅಲ್ಲ, ಕಳ್ಳಿ" ಅಂದಳು. "ನಾನೇ."

ನಡೆದದ್ದು ಇಷ್ಟು. ನಾಲ್ಕು ತಿಂಗಳ ಹಿಂದೆ ಬಸ್ಸಿನ ನೂಕುನುಗ್ಗಲಿನಲ್ಲಿ ಒಂದಿಡೀ ಮನೆಗೆ ಹೊಲಿದ ಪರದೆಗಳ ಗಂಟು ಬಸ್ಸಲ್ಲೇ ಉಳಿದು ಆಕೆ ಇಳಿಯಬೇಕಾಯಿತು. ಆ ಗಂಟು ಮತ್ತೆ ಸಿಗಲಿಲ್ಲ. ಮರುದಿನವೇ ಆಕೆ ಆ ಕಡೆ ಸ್ಕೂಲಿಗೆ ಹೋಗಿ ಸೇರಿದಳು. ಅಲ್ಲಿ ಯಾರೂ ಕೂಗಲಿಲ್ಲವಾಗಿ ಎರಡು ತಿಂಗಳಲ್ಲಿ ಕಲಿತು ಲೈಸೆನ್ಸೂ ಪಡೆದಳು. ಲೈಸೆನ್ಸು ಹೊಲಿಗೆ ಯಂತ್ರದ ಖಾನೆಯಲ್ಲಿ ಬಟನ್ನುಗಳ ಕೆಳಗೆ ಮಲಗಿತ್ತು. ಹೊಸ ಕಾರು ಬಂದು ಮನೆ ಮುಂದೆ ಸುಮ್ಮನೆ ನಿಂತಿರುವುದನ್ನು ಎರಡು ವಾರ ನೋಡಿದಳು. ಮೂರನೆಯ ವಾರ ಮಗಳು ಕೀಲಿ ತಂದು ಕೈಯಲ್ಲಿಟ್ಟಳು. ಅಂದಿನಿಂದ ಪರದೆಗಳು ಕಾರಿನಲ್ಲೇ ಮನೆಮನೆ ಸೇರುತ್ತಿದ್ದವು. ಇವಳನ್ನು ಚಾಲಕಿ ಎನ್ನಬೇಕೋ ಚಾಲಾಕಿ ಎನ್ನಬೇಕೋ ಎಂದು ಕ್ಷೌರದಂಗಡಿಯ ಗೆಳೆಯರಲ್ಲಿ ಒಬ್ಬ ಗೊಣಗಿದ. ಒಂದು ದೀರ್ಘ ಎಳೆದರೆ ಎರಡೂ ಒಂದೇ ಎಂದು ಇನ್ನೊಬ್ಬ ಹೇಳಿದ.

ಬಟ್ಟಲು ಕೈ ಬದಲಾಯಿತು. ಚಪ್ಪಾಳೆ ಈ ಸಲ ಹೆಚ್ಚು ಹೊತ್ತು ಬಿತ್ತು. ಭಾಷಣ ಮಾಡಿ ಎಂದು ಕೇಳಿದ್ದಕ್ಕೆ ಆಕೆ, ಹೇಳುವುದನ್ನೆಲ್ಲ ನಮ್ಮವರೇ ಹೇಳಿ ಆಗಿದೆ ಎಂದು ಕೂತುಬಿಟ್ಟಳು. ಮೇಷ್ಟರಿಗೆ ಆ ಮಾತು ಹಿತವಾಗಿ ಕೇಳಿಸಿತೋ ಚುಚ್ಚಿತೋ ಅವರಿಗೇ ಗೊತ್ತಾಗಲಿಲ್ಲ.

ಹೊರಗೆ ಬಂದಾಗ ಕಾರಿನ ಮುಂದೆ ಇಬ್ಬರೂ ನಿಂತರು. ಮೇಷ್ಟರು ಕೀಲಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಶೋರೂಮಿನ ಗಾಜಿನ ಹಿಂದೆ ಮೂಗೊತ್ತಿ ನಿಂತಿದ್ದ ಹದಿನಾಲ್ಕು ಮುಖಗಳನ್ನು ನೋಡಿದರು. ಕೀಲಿ ಕೊಟ್ಟರು. ಆಕೆ ಸೀಟನ್ನು ನಾಲ್ಕು ಅಂಗುಲ ಮುಂದಕ್ಕೆ ಎಳೆದುಕೊಂಡಳು. ಮಗಳು ಹಿಂದೆ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಕಾರು ಹಾಲು ಸುರಿದ ಹಾಗೆ ಹೊರಟಿತು. ಮೇಷ್ಟರ ಬಲಗಾಲು ಮಾತ್ರ ಸುಮ್ಮನಿರಲಿಲ್ಲ. ಪ್ರತಿ ತಿರುವಿನಲ್ಲೂ ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ನಾಲ್ಕು ರಸ್ತೆ ಸೇರುವ ಕಡೆ ಬಂದಾಗ ಅವರಿಗೆ ಅರಿವಿಲ್ಲದೆಯೇ ಬಾಯಿಂದ "ಕ್ಲಚ್" ಎಂದು ಹೊರಬಿತ್ತು.

"ಈ ಕಾರಿಗೆ ಕ್ಲಚ್ ಇಲ್ಲ ರೀ" ಅಂದಳು ಆಕೆ, ರಸ್ತೆಯಿಂದ ಕಣ್ಣು ತೆಗೆಯದೆ.

ಮೇಷ್ಟರು ಅವಳ ಕೈಗಳ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟು ಅರ್ಧದಷ್ಟೂ ಇರಲಿಲ್ಲ. ಪಕ್ಕದಲ್ಲಿ ಕೂತು ಎರಡು ಸಾವಿರ ಜನರ ಕೈಗಳನ್ನು ನೋಡಿದ್ದರು. ಸ್ಟೀರಿಂಗಿನ ಮೇಲೆ ಇಷ್ಟು ಹಗುರವಾಗಿ ಕೂತ ಕೈಗಳನ್ನು ಕಂಡಿರಲಿಲ್ಲ. ಸೂಜಿಗೆ ದಾರ ಪೋಣಿಸುವ ಕೈಗಳು.

"ನನಗೆ ಒಂದು ಮಾತು ಯಾಕೆ ಹೇಳಲಿಲ್ಲ ನೀನು?" ಎಂದು ಮೆಲ್ಲಗೆ ಕೇಳಿದರು.

"ಹೇಳಿದ್ರೆ ನೀವು ಕಲಿಸೋಕೆ ಬರ್ತಿದ್ರಿ."

ಹಿಂದಿನ ಸೀಟಿನಲ್ಲಿ ಬಟ್ಟಲು ಉರುಳಿದ ಸದ್ದಾಯಿತು. ಮಗಳು ನಗು ತಡೆಯಲಾಗದೆ ಬಗ್ಗಿದ್ದಳು. ಮೇಷ್ಟರು ಕಿಟಕಿಯ ಕಡೆ ಮುಖ ತಿರುಗಿಸಿದರು. ಅವರ ಹೆಗಲೂ ಕುಲುಕುತ್ತಿರುವುದು ಗಾಜಿನಲ್ಲಿ ಕಾಣುತ್ತಿತ್ತು.

ಏಳು ಗಂಟೆಗೆ ಡಬ್ಬಿ ತೊಂಬತ್ತೆರಡು ಎಂದಿತು. ಈಚೆಗೆ ಇಷ್ಟು ಕಡಿಮೆ ಬಂದದ್ದಿಲ್ಲವಲ್ಲ ಎಂದು ಹೆಂಡತಿ ಹುಬ್ಬೇರಿಸಿದಳು. ಪಕ್ಕದಲ್ಲಿ ಕೂತವರು ಚಾಲಕರ ಗಮನ ಕೆಡಿಸಿದ್ದಕ್ಕೆ ನಾಲ್ಕು ಅಂಕ ಕಳೆಯಲಾಗಿದೆ ಎಂದು ಡಬ್ಬಿಯೇ ವಿವರಣೆ ಕೊಟ್ಟಿತು.

ರಾತ್ರಿ ಕಳೆಯುವಷ್ಟರಲ್ಲಿ ಮೇಷ್ಟರ ಆತ್ಮವಿಶ್ವಾಸ ಮತ್ತೆ ಭರ್ತಿಯಾಗಿತ್ತು. ಬೆಳಗಿನ ಕಾಫಿಯ ಹೊತ್ತಿಗೆ ಅವರು ಹೊಸ ಲೆಕ್ಕಾಚಾರ ಹಾಕಿದ್ದರು: ಇವಳಿಗೆ ಕಲಿಸಿದವಳು ಆ ಕಡೆ ಸ್ಕೂಲಿನವಳು, ಅವಳಿಗೆ ಕಲಿಸಿದವನು ನಾನು, ಆದ್ದರಿಂದ ತೊಂಬತ್ತಾರೂ ಮೂಲತಃ ನನ್ನದೇ. ಇದನ್ನು ಯಾರಿಗೆ ಹೇಳಲಿ ಎಂದು ಅವರು ನೋಡುತ್ತಿರುವಾಗಲೇ ಗೇಟಿನ ಬಳಿ ಸದ್ದಾಯಿತು. ನರ್ಸಮ್ಮ ನಿಂತಿದ್ದರು. ಅವರ ಹಿಂದೆ ಇನ್ನೂ ಒಂಬತ್ತು ಹೆಂಗಸರು. ಅವರಲ್ಲಿ ಐವರು ಪರದೆ ಹಾಕಿಸಿಕೊಂಡವರು. ಮೇಷ್ಟರು ಅಂಗಿಯ ಗುಂಡಿ ಹಾಕಿಕೊಂಡು, ಎದೆಯುಬ್ಬಿಸಿ, ಹೊಸ ಶಿಷ್ಯವೃಂದವನ್ನು ಬರಮಾಡಿಕೊಳ್ಳಲು ಹೊರಗೆ ಹೋದರು. ಶಿಷ್ಯವೃಂದ ಅವರಿಗೆ ನಮಸ್ಕಾರ ಹೇಳಿ, ಅವರನ್ನು ಬಳಸಿಕೊಂಡು ಮುಂದಿನ ಕೋಣೆಗೆ ನಡೆಯಿತು. ನಮಗೆ ಅಮ್ಮಾವ್ರೇ ಕಲಿಸಬೇಕು ಎಂದು ಅಲ್ಲಿಂದ ಕೇಳಿಸಿತು.

ಹೆಂಡತಿ ಕೂಡಲೇ ಒಪ್ಪಲಿಲ್ಲ. ಕಲಿಸುವುದಕ್ಕೂ ಒಂದು ಪರವಾನಗಿ ಬೇಕು, ಆ ಪರೀಕ್ಷೆ ಬರೆಯುತ್ತೇನೆ, ಆಮೇಲೆ ಮಧ್ಯಾಹ್ನ ಎರಡು ಗಂಟೆ ಮಾತ್ರ ಕಲಿಸುತ್ತೇನೆ ಅಂದಳು. ಹೊಸಬರ ಮೇಲೆ ಕೈ ಪಳಗಿಸಿಕೊಳ್ಳುವ ಮೊದಲು ಮನೆಯಲ್ಲೇ ಒಬ್ಬರಿಗೆ ಕಲಿಸಿ ನೋಡಬೇಕಾಗಿದೆ ಎಂದೂ ಅಂದಳು. ಸ್ಕೂಲಿನ ಹೆಸರು ಉಳಿಯಬೇಕಾದರೆ ಮೇಷ್ಟರು ನಲವತ್ತರಲ್ಲೇ ನಿಲ್ಲುವಂತಿಲ್ಲ ಎಂಬುದನ್ನು ಎಲ್ಲರೂ ಒಪ್ಪಿದರು. ನಡುವೆ ನಿಂತಿದ್ದ ಮೇಷ್ಟರೂ ಒಪ್ಪಬೇಕಾಯಿತು. ತನಗೆ ಕಲಿಸುವುದು ಅಷ್ಟು ಸುಲಭವಲ್ಲ ಎಂದು ಮಾತ್ರ ಗತ್ತಿನಿಂದಲೇ ಎಚ್ಚರಿಸಿದರು.

ಆಕೆ ಸ್ಕೂಲಿನಿಂದ ಪ್ರವೇಶದ ಅರ್ಜಿಯೊಂದನ್ನು ತರಿಸಿದಳು. ಮೇಷ್ಟರೇ ವರ್ಷಗಳ ಹಿಂದೆ ಅಚ್ಚು ಹಾಕಿಸಿದ್ದ ಅರ್ಜಿ. ಗಂಡನನ್ನು ಎದುರು ಕೂರಿಸಿಕೊಂಡು, ಕನ್ನಡಕ ಏರಿಸಿ, ಹೆಸರು ಬರೆದಳು, ವಯಸ್ಸು ಬರೆದಳು, ಎತ್ತರವನ್ನು ಟೇಪು ಹಿಡಿದು ಅಳೆದೇ ಬರೆದಳು. 'ಹಿಂದಿನ ಚಾಲನಾ ಅನುಭವ' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು.

"ಬರಿ ಮತ್ತೆ" ಅಂದರು ಮೇಷ್ಟರು, ಮೀಸೆ ತೀಡುತ್ತ. "ಇಪ್ಪತ್ತಾರು ವರ್ಷ."

ಆಕೆ ಬರೆದಳು. ಬರೆದು, ಅರ್ಜಿಯನ್ನು ತಿರುಗಿಸಿ ಸಹಿಗೆ ಅವರ ಮುಂದೆ ಇಟ್ಟಳು. ಮೇಷ್ಟರು ಓದಿದರು: 'ಇಪ್ಪತ್ತಾರು ವರ್ಷ. ಪಕ್ಕದ ಸೀಟಿನಲ್ಲಿ.'